ತಾಯಿಗೆ ಮಗ ಸ್ನಾನ ಮಾಡಿಸಬಹುದೇ? ಹೆತ್ತವರ ಆರೈಕೆ ಹೊತ್ತಿರುವ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನವನು. ವಯಸ್ಸು 47, ಪ್ರೌಢಶಾಲೆಯಲ್ಲಿ ಶಿಕ್ಷಕ. 80 ವರ್ಷದ ತಂದೆಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತಡವರಿಸುತ್ತದೆ. 74 ವರ್ಷದ ತಾಯಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂದು ವೈದ್ಯರು ಹೇಳಿದ್ದಾರೆ. ಪತ್ನಿ ತುಮಕೂರಿನಲ್ಲಿ ಬ್ಯಾಂಕ್ ಉದ್ಯೋಗಿ, ದಿನವೂ ಹೋಗಿ ಬರುತ್ತಾಳೆ. ಇಬ್ಬರ ಸ್ನಾನ, ಶೌಚ, ಊಟ ಎಲ್ಲವನ್ನೂ ಹೆಚ್ಚಾಗಿ ನಾನೇ ನೋಡಿಕೊಳ್ಳುತ್ತೇನೆ. ಸೊಸೆ ಇರುವಾಗ ಮಗ ತಾಯಿಗೆ ಸ್ನಾನ ಮಾಡಿಸುವುದು ಸರಿಯಲ್ಲವೆಂದು ನೆಂಟರು ಆಡಿಕೊಳ್ಳುತ್ತಾರೆ. ತಾಯಿಯೂ ಬಚ್ಚಲಿನಲ್ಲಿ ಕೂಗಾಡುತ್ತಾರೆ. ಈಚೆಗಂತೂ ರಾತ್ರಿಯಿಡೀ ಎದ್ದೆದ್ದು ಓಡಾಡುತ್ತಾರೆ. ಒಂದು ರಾತ್ರಿ ಅವರ ಕೈಯನ್ನು ಬಿಗಿಯಾಗಿ ಹಿಡಿದು ಗದರಿಬಿಟ್ಟೆ. ಆಮೇಲೆ ನನಗೇ ಭಯವಾಯಿತು. ಪುಣೆಯಲ್ಲಿರುವ ಅಣ್ಣ ತಿಂಗಳಿಗಿಷ್ಟು ಹಣ ಕಳಿಸಿ, ವೃದ್ಧಾಶ್ರಮಕ್ಕೆ ಸೇರಿಸು ಎನ್ನುತ್ತಾನೆ. ತಂಗಿ ಶಿವಮೊಗ್ಗದಲ್ಲಿದ್ದಾಳೆ. ಮನೆ ಮತ್ತು ತೆಂಗಿನ ತೋಟ ತಂದೆಯ ಹೆಸರಿನಲ್ಲಿವೆ. ನಾನು ಕೆಲಸ ಬಿಟ್ಟುಬಿಡಲೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ತಾಯಿಗೆ ಮಗ ಸ್ನಾನ ಮಾಡಿಸಬಹುದು, ಬಟ್ಟೆ ಬದಲಿಸಬಹುದು, ಶೌಚಕ್ಕೆ ನೆರವಾಗಬಹುದು. ವೈದ್ಯಕೀಯ ದೃಷ್ಟಿಯಿಂದಾಗಲಿ ಕಾನೂನಿನ ದೃಷ್ಟಿಯಿಂದಾಗಲಿ ಅದರಲ್ಲಿ ಯಾವ ತಪ್ಪೂ ಇಲ್ಲ. ನೆಂಟರು ಏನೆನ್ನುತ್ತಾರೆ ಎಂಬುದಕ್ಕಿಂತ, ಆ ಹೊತ್ತಿನಲ್ಲಿ ನಿಮ್ಮ ತಾಯಿಯವರಿಗೆ ಏನನ್ನಿಸುತ್ತಿದೆ ಎಂಬುದೊಂದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ನೆಂಟರ ಮಾತಿಗೆ ಹೆಚ್ಚು ಜಾಗ ಕೊಡಲಾರೆ, ಆದರೆ ಒಂದು ವಿಷಯವನ್ನು ಹೇಳಲೇಬೇಕು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದಿದೆ. ಸೊಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ರೂಢಿಯಲ್ಲಿ ಮಾತ್ರ ಈ ಹೊರೆ ಸೊಸೆಯ ತಲೆಯ ಮೇಲೇ ಬೀಳುತ್ತದೆ. ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮಕ್ಕಳು, ಹಿರಿಯರು ಸೇರಿದಂತೆ ಮನೆಯವರ ಆರೈಕೆಗೆ ದಿನದಲ್ಲಿ ಒಂದಿಷ್ಟಾದರೂ ಹೊತ್ತು ಕೊಟ್ಟ ಹೆಂಗಸರು ನೂರಕ್ಕೆ 27.6ರಷ್ಟಿದ್ದರೆ, ಗಂಡಸರು 14ರಷ್ಟು ಮಾತ್ರ ಇದ್ದರು. ನೀವು ಆ ಹದಿನಾಲ್ಕರಲ್ಲಿ ಒಬ್ಬರು. ಇದು ನಾಚಿಕೆಪಡುವ ಸಂಗತಿಯಂತೂ ಖಂಡಿತ ಅಲ್ಲ. ಗಂಡುಮಕ್ಕಳಿಗೆ ಈ ಕೆಲಸವನ್ನು ಯಾರೂ ಕಲಿಸಿರುವುದಿಲ್ಲ. ಮಾಡುತ್ತಿರುವವರು ಸಂಕೋಚದಿಂದ ಯಾರನ್ನೂ ಕೇಳುವುದೂ ಇಲ್ಲ. ನಿಮ್ಮ ಪತ್ರದಲ್ಲಿರುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ಕಾರಣಗಳಿಂದಲೇ ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಕಲಿಯಬೇಕಾದದ್ದನ್ನು ತುಸು ವಿವರವಾಗಿಯೇ ಬರೆಯುತ್ತೇನೆ.

ತಾಯಿಯವರು ಬಚ್ಚಲಿನಲ್ಲಿ ಏಕೆ ಕೂಗಾಡುತ್ತಾರೆ ಎಂಬುದನ್ನು ಅವರ ಕಡೆಯಿಂದ ನೋಡಿ. ಮರೆವು ಮುಂದುವರಿದಂತೆ ಕೆಲವು ಹೊತ್ತಿನಲ್ಲಿ ನೀವು ಅವರ ಮಗನೆಂಬುದೇ ಅವರಿಗೆ ತಿಳಿಯದೆ ಹೋಗಬಹುದು. ಯಾರೋ ಗಂಡಸು ತನ್ನ ಸೀರೆಗೆ ಕೈಹಾಕುತ್ತಿದ್ದಾನೆ ಎಂದು ಅನ್ನಿಸಿದಾಗ ಯಾವ ಹೆಂಗಸಾದರೂ ಕೂಗಲೇಬೇಕು. ಅಂಥ ಕೂಗಿನ ಹಿಂದೆ ಇರುವುದು ಹಟಕ್ಕಿಂತ ಹೆಚ್ಚಾಗಿ ಇನ್ನೂ ಉಳಿದಿರುವ ಮಾನದ ಅರಿವು. ಅದನ್ನು ಗೌರವಿಸಿಯೇ ಕೆಲಸ ಸಾಗಬೇಕು.

ಅದಕ್ಕೆ ದಾರಿಗಳಿವೆ. ಬಟ್ಟೆಯನ್ನೆಲ್ಲ ಒಮ್ಮೆಲೇ ತೆಗೆಯಬೇಡಿ. ತೆಳುವಾದ ಹಳೆಯ ಹತ್ತಿ ನೈಟಿಯೊಂದನ್ನು ತೊಡಿಸಿಯೋ, ಹೆಗಲಿನಿಂದ ಮೊಣಕಾಲಿನವರೆಗೆ ದೊಡ್ಡ ಟವೆಲ್ ಹೊದಿಸಿಯೋ, ಅದರ ಮೇಲೆಯೇ ಬೆಚ್ಚಗಿನ ನೀರು ಹಾಕಿ. ಒದ್ದೆ ಬಟ್ಟೆಯ ಒಳಗಿನಿಂದ ಕೈ, ಬೆನ್ನು, ಕಾಲು ಎಂದು ಒಂದೊಂದೇ ಭಾಗವನ್ನು ತೊಳೆಯುತ್ತ ಬನ್ನಿ. ಮೊದಲ ಚೊಂಬು ನೀರು ಪಾದಕ್ಕೆ ಬೀಳಲಿ. ತಲೆಯ ಮೇಲೆ ಒಮ್ಮೆಲೇ ನೀರು ಸುರಿದರೆ ಮರೆವಿನವರು ಬೆಚ್ಚಿಬೀಳುತ್ತಾರೆ. ಸಾಬೂನು ಹಚ್ಚಿದ ಬಟ್ಟೆಯನ್ನು ಅವರ ಕೈಗೇ ಕೊಟ್ಟು, ತಮಗೆ ಆಗುವಷ್ಟನ್ನು ಅವರೇ ತೊಳೆದುಕೊಳ್ಳುವಂತೆ ಮಾಡಿ. ತೊಡೆಯ ನಡುವಿನ ಭಾಗವನ್ನು ಅವರೇ ತೊಳೆದುಕೊಳ್ಳುವುದು ಒಳ್ಳೆಯದು, ಆ ಹೊತ್ತಿನಲ್ಲಿ ನೀವು ಮುಖ ತಿರುಗಿಸಿ ನಿಂತಿರಿ. ಅವರಿಂದ ಆಗದೆ ನೀವೇ ತೊಳೆಯಬೇಕಾದ ದಿನ, ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಮಾಡಲಿರುವುದನ್ನು ಮಾಡುವ ಮುನ್ನ ಹೇಳಿ: "ಅಮ್ಮ, ಈಗ ಬೆನ್ನಿಗೆ ನೀರು ಹಾಕ್ತೀನಿ." ಪ್ರತಿಸಲವೂ "ನಾನು ನಿನ್ನ ಮಗ" ಎಂದು ಪರಿಚಯ ಹೇಳಿಕೊಳ್ಳುವುದರಲ್ಲಿ ಬೇಸರಪಡಬೇಡಿ.

ಬಚ್ಚಲಿನಲ್ಲಿ ಗಟ್ಟಿಯಾದ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಿಡಿದುಕೊಳ್ಳುವ ಸರಳು, ಕಾಲು ಜಾರದ ರಬ್ಬರ್ ಹಾಸು ಇರಲೇಬೇಕು. ಇನ್ನೊಂದು ಮಾತು: ತಲೆಯಿಂದ ಕಾಲಿನವರೆಗೆ ನಿತ್ಯವೂ ಸ್ನಾನ ಆಗಲೇಬೇಕೆಂಬ ನಿಯಮವೇನೂ ಇಲ್ಲ. ಮುಖ, ಕಂಕುಳು, ತೊಡೆಸಂದು ಇಷ್ಟನ್ನು ದಿನವೂ ಒರೆಸಿ ಶುಚಿಯಾಗಿಟ್ಟರೆ ವಾರಕ್ಕೆ ಎರಡು ಮೂರು ಪೂರ್ಣ ಸ್ನಾನ ಸಾಕು. ಆ ಎರಡು ಮೂರು ದಿನಗಳಿಗೆ ಊರಿನಲ್ಲೇ ಒಬ್ಬ ಹೆಂಗಸನ್ನು ಸಂಬಳ ಕೊಟ್ಟು ಗೊತ್ತುಮಾಡಲು ಸಾಧ್ಯವಾದರೆ ಗೊತ್ತುಮಾಡಿ. ತಾಯಿಯವರಿಗೆ ಸಂಕೋಚ ಕಡಿಮೆಯಾಗುತ್ತದೆ, ನಿಮಗೂ ಆ ಹೊತ್ತು ಉಳಿಯುತ್ತದೆ. ಆ ಕೆಲಸ ನಿಮ್ಮ ಪತ್ನಿಯ ಭಾನುವಾರದ ಪಾಲಿಗೆ ತಾನಾಗಿ ಬಂದು ಬೀಳದಂತೆ ನೋಡಿಕೊಳ್ಳಿ.

ಈಚೆಗೆ ರಾತ್ರಿಯಿಡೀ ಓಡಾಡುತ್ತಾರೆ ಎಂದು ಬರೆದಿದ್ದೀರಿ. ಆ "ಈಚೆಗೆ" ಎಂಬುದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಏರುವ ಕಾಯಿಲೆ. ಕೆಲವೇ ದಿನಗಳಲ್ಲಿ ಗೊಂದಲ ಹೆಚ್ಚಿದರೆ, ಅದರ ಹಿಂದೆ ಬೇರೆ ಕಾರಣ ಇರುವ ಸಂಭವ ಹೆಚ್ಚು: ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು, ಎಲ್ಲೋ ಇರುವ ನೋವು, ಹೊಸದಾಗಿ ಶುರುವಾದ ಮಾತ್ರೆ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರಬಹುದು. ಗೊಂದಲವೊಂದೇ ಅದರ ಗುರುತಾಗಿರಬಹುದು. ಆದ್ದರಿಂದ ನಿದ್ದೆ ಮಾತ್ರೆ ಕೇಳುವ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆಗಳು ಆಗಿಲ್ಲದಿದ್ದರೆ ಅವನ್ನೂ ಮಾಡಿಸಿ, ಏಕೆಂದರೆ ಅವುಗಳ ಕೊರತೆಯಿಂದ ಮರೆವು ಹೆಚ್ಚುತ್ತದೆ ಮತ್ತು ಆ ಕೊರತೆಯನ್ನು ಸರಿಪಡಿಸಬಹುದು. ಅವರು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ಮೆಡಿಕಲ್ ಶಾಪಿನಿಂದ ಹಾಗೇ ತಂದ ನೆಗಡಿ ಮಾತ್ರೆಯನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿ.

ಕಾರಣವೇನೂ ಸಿಗದಿದ್ದರೆ, ಹಗಲಿನ ದಿನಚರಿಯನ್ನು ಬದಲಿಸಬೇಕು. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಕೂರಿಸಿ, ಮಧ್ಯಾಹ್ನದ ನಿದ್ದೆಯನ್ನು ಚಿಕ್ಕದು ಮಾಡಿ, ಅವರೆಕಾಳು ಸುಲಿಯುವುದು, ಹೂ ಕಟ್ಟುವುದು, ಬಟ್ಟೆ ಮಡಿಸುವುದು ಹೀಗೆ ಕೈಗೆ ರೂಢಿಯಾದ ಯಾವುದಾದರೂ ಕೆಲಸ ಕೊಡಿ. ಬುದ್ಧಿ ಮರೆತದ್ದನ್ನು ಕೈ ಎಷ್ಟೋ ಕಾಲ ನೆನಪಿಟ್ಟುಕೊಂಡಿರುತ್ತದೆ. ಸಂಜೆ ಕತ್ತಲಾಗುವ ಮುನ್ನವೇ ದೀಪ ಹಾಕಿ. "ನಮ್ಮೂರಿಗೆ ಹೋಗ್ಬೇಕು" ಎಂದು ಬಾಗಿಲ ಬಳಿ ನಿಂತಾಗ "ಇದೇ ನಿಮ್ಮ ಮನೆ" ಎಂದು ವಾದಿಸುವುದರಿಂದ ಪ್ರಯೋಜನವಿಲ್ಲ. ಊರಿನಲ್ಲಿ ಯಾರಿದ್ದರು, ತೋಟದಲ್ಲಿ ಏನೇನಿತ್ತು ಎಂದು ಕೇಳುತ್ತ ಒಳಗೆ ಕರೆದುಕೊಂಡು ಬನ್ನಿ. ಹೊರಬಾಗಿಲಿಗೆ ಒಂದು ಗಂಟೆ ಕಟ್ಟಿ, ಅವರ ಕೈಬಳೆಗೋ ತಾಯಿತದ ದಾರಕ್ಕೋ ನಿಮ್ಮ ಫೋನ್ ನಂಬರ್ ಇರುವ ತಗಡು ಸೇರಿಸಿ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ಆರಂಭಿಸಲಾಗಿದೆ. ಎಲ್ಲಕ್ಕೂ ಬೆಂಗಳೂರಿಗೇ ಓಡುವ ಮೊದಲು ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ನಿಮ್ಮ ತಾಲ್ಲೂಕಿನಲ್ಲಿ ನಿಮ್ಮಂತೆ ರಾತ್ರಿ ಎಚ್ಚರವಿರುವ ಮನೆಗಳು ಇನ್ನೂ ಹಲವು ಇವೆ.

ತಂದೆಯವರ ವಿಷಯದಲ್ಲಿ ಗಂಡುಮಕ್ಕಳು ಸಾಮಾನ್ಯವಾಗಿ ತಮ್ಮ ತೋಳಿನ ಬಲವನ್ನೇ ನೆಚ್ಚುತ್ತಾರೆ. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆದು, ಇಲ್ಲವೇ ಕಂಕುಳಿಗೆ ಕೈಹಾಕಿ ಎತ್ತಿದರೆ, ಸಡಿಲವಾಗಿರುವ ಹೆಗಲಿನ ಕೀಲು ಜಾರುತ್ತದೆ; ಆಮೇಲೆ ಆ ನೋವು ವರ್ಷಗಟ್ಟಲೆ ಉಳಿಯಬಹುದು. ಅವರ ಸೊಂಟಕ್ಕೆ ಮಡಿಸಿದ ಪಂಚೆಯನ್ನೋ ಅಗಲವಾದ ಬೆಲ್ಟನ್ನೋ ಕಟ್ಟಿ, ಅದನ್ನು ಹಿಡಿದು, ನಿಮ್ಮ ಮೊಣಕಾಲು ಮಡಿಸಿ, ಅವರು ಮುಂದಕ್ಕೆ ಬಾಗುವಂತೆ ಮಾಡಿ ಏಳಿಸಬೇಕು. ಕುರ್ಚಿಯನ್ನು ಅವರ ಬಲವಿರುವ ಎಡಬದಿಗೆ ಇಡಬೇಕು. ಈ ಒಂದು ಪಾಠವನ್ನು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಎದುರಿಗೆ ನಿಂತು ಕಲಿಯಿರಿ, ಏಕೆಂದರೆ ಓದಿ ಕಲಿಯುವ ವಿದ್ಯೆ ಇದಲ್ಲ. ತಪ್ಪಾಗಿ ಮಾಡಿದರೆ ನಿಮ್ಮ ಸೊಂಟವೂ ಹೋಗುತ್ತದೆ.

ಊಟ ಮಾಡಿಸುವಾಗ ಬೆನ್ನು ನೆಟ್ಟಗಿರಲಿ, ಗದ್ದ ಸ್ವಲ್ಪ ಕೆಳಗಿರಲಿ, ತುತ್ತು ಚಿಕ್ಕದಿರಲಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಪಾರ್ಶ್ವವಾಯು ಆದವರಿಗೆ ಗಟ್ಟಿ ಪದಾರ್ಥಕ್ಕಿಂತ ತೆಳು ನೀರು, ತಿಳಿಸಾರು ಶ್ವಾಸನಾಳಕ್ಕೆ ಸೇರುವ ಭಯ ಹೆಚ್ಚು. ನೀರು ಕುಡಿದಾಗಲೆಲ್ಲ ಕೆಮ್ಮಿದರೆ, ದನಿ ಗೊರಗೊರ ಎಂದರೆ, ಆಗಾಗ ಜ್ವರ ಬಂದರೆ ವೈದ್ಯರಿಗೆ ಹೇಳಿ. ಹೇಳುವತನಕ ಮಂದವಾದ ರಾಗಿ ಗಂಜಿ, ಮೊಸರು, ಚೆನ್ನಾಗಿ ಹಿಸುಕಿದ ಅನ್ನ ಕೊಡಿ. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ ಈ ಜಾಗಗಳನ್ನು ದಿನವೂ ನೋಡಿ. ಒತ್ತಿದರೂ ಮಾಸದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಮೊದಲ ಹೆಜ್ಜೆ. ಆ ಜಾಗವನ್ನು ಉಜ್ಜಬಾರದು, ಅದರ ಮೇಲೆ ಭಾರ ಬೀಳದಂತೆ ಮಾಡಬೇಕು. ಏರ್ ಬೆಡ್ ಒಳ್ಳೆಯದೇ, ಆದರೆ ಅದನ್ನು ತಂದ ಮಾತ್ರಕ್ಕೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಬಲಭಾಗದ ಪಾರ್ಶ್ವವಾಯುವಿನಲ್ಲಿ ಮಾತು ಕೆಡುವುದು ಸಾಮಾನ್ಯ, ಏಕೆಂದರೆ ಬಹುಪಾಲು ಜನರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲಿದೆ. ಆದರೆ ಮಾತು ತಡವರಿಸುತ್ತದೆ ಎಂದ ಮಾತ್ರಕ್ಕೆ ವಿಚಾರಶಕ್ತಿ ಕುಂದಿದೆ ಎಂದು ತಿಳಿಯಬೇಡಿ. ಮನೆಯ ವಿಷಯಗಳನ್ನು ಅವರ ಮುಂದೆಯೇ ಮಾತನಾಡಿ, ಹೌದು ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ಕಾಯಿರಿ. ಮುಂದೆ ಹೇಳಲಿರುವ ಕಾಗದಪತ್ರಗಳ ವಿಷಯಕ್ಕೂ ಇದಕ್ಕೂ ಸಂಬಂಧವಿದೆ.

ಈಗ ನೀವು ಗದರಿದ ರಾತ್ರಿಯ ವಿಷಯ. ಅದನ್ನು ಮುಚ್ಚಿಡದೆ ಬರೆದದ್ದು ನಿಮ್ಮ ದೊಡ್ಡತನ. ಆದರೆ ಬಿಗಿಯಾಗಿ ಕೈಹಿಡಿಯುವುದಕ್ಕೂ ಹೊಡೆಯುವುದಕ್ಕೂ ನಡುವಿನ ದೂರ ಬಹಳ ಕಡಿಮೆ, ಮತ್ತು ಆ ದೂರವನ್ನು ಕಾಯುವುದು ನಿದ್ದೆ. ದಿನವೂ ಮೂರು ನಾಲ್ಕು ಗಂಟೆ ಮಾತ್ರ ಮಲಗುವವನ ಒಳ್ಳೆಯತನವನ್ನು ನೆಚ್ಚಿಕೊಂಡು ಇಬ್ಬರು ಅಸಹಾಯಕರನ್ನು ಅವನ ಕೈಗೆ ಒಪ್ಪಿಸಿಡುವುದು ಯಾರ ಹಿತಕ್ಕೂ ಒಳ್ಳೆಯದಲ್ಲ. ಸಿಟ್ಟು ಏರುತ್ತಿದೆ ಎನ್ನಿಸಿದ ತಕ್ಷಣ, ತಾಯಿಯವರು ಬೀಳುವ ಅಪಾಯವಿಲ್ಲವೆಂದು ನೋಡಿಕೊಂಡು, ಅಂಗಳಕ್ಕೆ ಹೋಗಿ ಐದು ನಿಮಿಷ ನಿಲ್ಲಿ. ವಾರದಲ್ಲಿ ಕನಿಷ್ಠ ಎರಡು ರಾತ್ರಿಯಾದರೂ ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಲೇಬೇಕು. ಆ ರಾತ್ರಿ ಸಂಬಳದ ಸಹಾಯಕರೋ, ನಿಮ್ಮ ತಂಗಿಯೋ, ನಿಮ್ಮ ಪತ್ನಿಯೊಡನೆ ಮಾತಾಡಿ ಒಪ್ಪಿಕೊಂಡ ಯಾರಾದರೂ ಎಚ್ಚರವಿರಲಿ.

ಗಂಡಸರಲ್ಲಿ ಖಿನ್ನತೆ ಅಳುವಿನ ರೂಪದಲ್ಲಿ ಕಾಣುವುದು ಕಡಿಮೆ. ಸಿಡುಕು, ಮೌನ, ಕುಡಿತ, ಸ್ನೇಹಿತರಿಂದ ದೂರವಾಗುವುದು ಹೀಗೆ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ ಯಾವುದಾದರೂ ನಿಮಗೆ ಪರಿಚಿತವೆನ್ನಿಸಿದರೆ 14416ಕ್ಕೆ ಕರೆಮಾಡಿ. ಇದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಹಿರಿಯರಿಗೆ ಸಂಬಂಧಿಸಿದ ಯೋಜನೆ, ನೆರವುಗಳ ಮಾಹಿತಿಗೆ 14567 ಎಂಬ ಬೇರೆ ಸಹಾಯವಾಣಿ ಇದೆ.

ಅಣ್ಣನವರ ಬಗ್ಗೆ ನಿಮ್ಮ ಪತ್ರದಲ್ಲಿ ಕಹಿ ಇದೆ. ಅದಕ್ಕೆ ಕಾರಣವೂ ಇದೆ. ಆದರೆ ದೂರದಲ್ಲಿರುವ ಮಗನಿಗೆ ಇಲ್ಲಿನ ಒಂದು ರಾತ್ರಿ ಹೇಗಿರುತ್ತದೆ ಎಂಬುದು ಫೋನಿನಲ್ಲಿ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಅವರನ್ನು ಹಣ ಹೆಚ್ಚಿಸು ಎಂದು ಕೇಳುವ ಬದಲು ವರ್ಷಕ್ಕೆ ಎರಡು ಸಲ, ತಲಾ ಎರಡು ವಾರ ರಜೆ ಹಾಕಿ ಬಂದು, ಎಲ್ಲ ಕೆಲಸವನ್ನೂ ತಾವೇ ನಿರ್ವಹಿಸುವಂತೆ ಕೇಳಿ. ಆ ಎರಡು ವಾರ ನೀವು ಮನೆಯಲ್ಲಿರಬೇಡಿ. ತಂಗಿಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಟ್ಟ ಮಗಳೆಂದು ಅವರನ್ನು ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ. ಪುಣೆಯಿಂದಲೇ ಮಾಡಬಹುದಾದ ಕೆಲಸಗಳೂ ಇವೆ: ಔಷಧ, ಡಯಾಪರ್ ತರಿಸುವುದು, ವೈದ್ಯರ ಭೇಟಿ ಗೊತ್ತುಮಾಡುವುದು, ಬಿಲ್ಲುಗಳ ಲೆಕ್ಕ, ದಿನವೂ ಸಂಜೆ ತಂದೆಯೊಡನೆ ಹತ್ತು ನಿಮಿಷ ವಿಡಿಯೋದಲ್ಲಿ ಮಾತು. ಖರ್ಚನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಅಣ್ಣ, ತಂಗಿ ಇಬ್ಬರಿಗೂ ತಿಂಗಳಿಗೊಮ್ಮೆ ಕಳುಹಿಸಿ. ತೋಟದ ಕೊಬ್ಬರಿಯಿಂದ ಬರುವ ಹಣವಿದ್ದರೆ ಅದು ಮೊದಲು ಹೆತ್ತವರ ಆರೈಕೆಗೇ ಖರ್ಚಾಗಲಿ. ಅದು ಅವರದೇ ದುಡಿಮೆ. ಅದನ್ನು ಮಕ್ಕಳಿಗಾಗಿ ಉಳಿಸಿಟ್ಟು ಸಹಾಯಕರನ್ನು ಇಟ್ಟುಕೊಳ್ಳದೆ ನರಳುವ ಮನೆಗಳನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ.

ಆಸ್ತಿಯ ವಿಷಯದಲ್ಲಿ ಸಂಕ್ಷಿಪ್ತವಾಗಿ ಹೇಳುತ್ತೇನೆ; ಹೆಚ್ಚಿನದನ್ನು ವಕೀಲರಲ್ಲಿ ಕೇಳಿ. ಮುಖ್ಯವಾದದ್ದು ಸಮಯ. ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ ಪ್ರಕಾರ ಕೊನೆಗೊಳ್ಳುತ್ತದೆ. ಆದ್ದರಿಂದ ತಾಯಿಯವರಿಂದ ಈಗ ಸಹಿ ಹಾಕಿಸಿಕೊಂಡ ಕಾಗದಗಳು ಮುಂದೆ ತಕರಾರಿಗೆ ಬರಬಹುದು. ತಂದೆಯವರ ವಿವೇಕ ಸ್ಪಷ್ಟವಾಗಿದ್ದರೆ ಬ್ಯಾಂಕ್ ಖಾತೆಯ ಜಂಟಿ ವ್ಯವಹಾರ, ನಾಮನಿರ್ದೇಶನ, ಉಯಿಲು ಇವು ಈಗಲೇ, ಮೂವರು ಮಕ್ಕಳಿಗೂ ತಿಳಿದಂತೆ ಆಗಲಿ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಜೊತೆಗೆ ವೈದ್ಯರ ಪ್ರಮಾಣಪತ್ರ ಇರುವುದು ಕ್ಷೇಮ. ನೋಂದಣಿಗೆ ಕಚೇರಿಗೆ ಬರಲಾಗದವರ ಮನೆಗೇ ಅಧಿಕಾರಿ ಬರಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ತೋಟ ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ತಂಗಿಗೂ ಸಮಪಾಲು ಇದೆ ಎಂಬುದನ್ನು ಮರೆಯಬೇಡಿ. ಆರೈಕೆ ಮಾಡುವ ಮಗನಿಗೆ ದಾನಪತ್ರ ಬರೆದುಕೊಡುವ ಮಾತು ಬಂದರೆ, ಕೊನೆಯವರೆಗೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿ. 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ಷರತ್ತು ಮುರಿದರೆ ಹಿರಿಯರು ಪತ್ರವನ್ನು ರದ್ದುಪಡಿಸಿಕೊಳ್ಳಬಹುದು. ಆ ಷರತ್ತು ನಿಮ್ಮ ಮೇಲಿನ ಅನುಮಾನವಾಗಿ ಕಾಣಬಾರದು. ನಿಮ್ಮ ಒಡಹುಟ್ಟಿದವರ ಅನುಮಾನವನ್ನು ಅದು ಕಡಿಮೆ ಮಾಡುತ್ತದೆ.

ವೃದ್ಧಾಶ್ರಮ ಎಂದರೆ ಪಾಪ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹೆಚ್ಚಿನವು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗಾಗಿ ಇರುವಂಥವು. ನಿಮ್ಮ ತಂದೆತಾಯಿಗೆ ಬೇಕಾಗುವುದು ಶುಶ್ರೂಷೆಯ ವ್ಯವಸ್ಥೆಯಿರುವ, ಡಿಮೆನ್ಷಿಯಾ ಬಲ್ಲ ಸಿಬ್ಬಂದಿ ಇರುವ ಕೇಂದ್ರ. ಅಂಥವು ಹೆಚ್ಚಾಗಿ ಬೆಂಗಳೂರಿನಲ್ಲಿವೆ, ಖರ್ಚೂ ಜಾಸ್ತಿ. ಅಣ್ಣನವರು ಈ ಮಾತು ಎತ್ತಿದಾಗ ಸಿಟ್ಟಾಗದೆ, ಅಂಥ ಎರಡು ಮೂರು ಜಾಗಗಳನ್ನು ಅವರೇ ಹೋಗಿ ನೋಡಿ, ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ತಂದೆತಾಯಿ ಒಟ್ಟಿಗೆ ಇರಬಹುದೇ, ಖರ್ಚೆಷ್ಟು ಎಂದು ತಿಳಿದು ಬರಲು ಹೇಳಿ. ಒಂದೆರಡು ವಾರಕ್ಕೆ ಮಾತ್ರ ಇರಿಸಿಕೊಳ್ಳುವ ಕೇಂದ್ರ ಸಿಕ್ಕರೆ ಅದು ನಿಮಗೆ ತುಂಬ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ತಾಯಿಯವರಿಗೆ ಪದೇಪದೇ ಏಟಾಗುತ್ತಿದ್ದರೆ, ಅಥವಾ ಎಷ್ಟು ಏರ್ಪಾಡು ಮಾಡಿದರೂ ನಿಮ್ಮ ಕೈ ಹತೋಟಿ ತಪ್ಪುತ್ತಿದ್ದರೆ, ಆಗ ಕೇಂದ್ರವೇ ಅವರಿಗೆ ಹೆಚ್ಚು ಸುರಕ್ಷಿತ ಜಾಗ, ಮತ್ತು ಆ ನಿರ್ಧಾರಕ್ಕೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಕೊನೆಯದಾಗಿ ಕೆಲಸದ ಪ್ರಶ್ನೆ. ರಾಜೀನಾಮೆ ಕೊಡಬೇಡಿ. ಈ ಎರಡೂ ಕಾಯಿಲೆಗಳು ಇನ್ನೂ ಹಲವು ವರ್ಷ ನಡೆಯಬಹುದು. ನಿಮಗೆ ನಿವೃತ್ತಿಗೆ ಇನ್ನೂ ಬಹಳ ಕಾಲವಿದೆ. ಸಂಬಳ ನಿಂತರೆ ಮೊದಲು ಹೋಗುವುದು ಸಹಾಯಕಿಯ ಸಂಬಳ, ಆಮೇಲೆ ನಿಮ್ಮ ನಿದ್ದೆ. ಅಲ್ಲದೆ, ಶಾಲೆಯಲ್ಲಿ ಕಳೆಯುವ ಆ ಆರೇಳು ಗಂಟೆಗಳು ನಿಮಗೆ ಈಗ ಉಳಿದಿರುವ ಏಕೈಕ ಬಿಡುವು. ಮುಖ್ಯೋಪಾಧ್ಯಾಯರಿಗೆ ಮನೆಯ ಸ್ಥಿತಿಯನ್ನು ಬರಹದಲ್ಲಿ ತಿಳಿಸಿ, ಮೊದಲ ಪಿರಿಯಡ್ ಬಿಡುವಿರುವಂತೆ ವೇಳಾಪಟ್ಟಿ ಕೇಳಿ, ನಿಮ್ಮ ಲೆಕ್ಕದಲ್ಲಿರುವ ರಜೆಯನ್ನು ಬಿಡಿಬಿಡಿಯಾಗಿ ಮುಗಿಸದೆ ಆಸ್ಪತ್ರೆಯ ದಿನಗಳಿಗೆ ಕಾದಿರಿಸಿ. ಶಾಲೆಯ ಹೊತ್ತಿಗೆ ಹಗಲಿನ ಸಹಾಯಕಿಯೊಬ್ಬರನ್ನು ಗೊತ್ತುಮಾಡಿ, ಮೊದಲ ವಾರ ಅವರ ಜೊತೆಗೇ ಇದ್ದು ಮೇಲೆ ಹೇಳಿದ್ದನ್ನೆಲ್ಲ ತೋರಿಸಿಕೊಡಿ. ಮೂತ್ರ ಪರೀಕ್ಷೆಯನ್ನು ಮಾತ್ರ ಈ ವಾರವೇ ಮಾಡಿಸಿ, ಅದರ ವರದಿಯೊಂದಿಗೆ ಮತ್ತೆ ಬರೆಯಿರಿ.